ಉಮೇಶ್ ರೆಡ್ಡಿಗೆ ನೇಣು ತಪ್ಪಿದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

1998ರ ಫೆಬ್ರವರಿ 28. ಬೆಂಗಳೂರಿನ ಪೀಣ್ಯ ಠಾಣೆ ವ್ಯಾಪ್ತಿಯ ಒಂದು ಮನೆ. ಸಂಜೆ ಐದರ ಹೊತ್ತು. ಏಳು ವರ್ಷದ ಹುಡುಗನೊಬ್ಬ ಆಟ ಮುಗಿಸಿ ಮನೆಗೆ ಬರುತ್ತಾನೆ. ಒಳಗಿನ ಕೋಣೆಯಿಂದ ಒಬ್ಬ ಗಂಡಸು ಹೊರಗೆ ಬರುತ್ತಾನೆ. ಹುಡುಗ ಅವನನ್ನು ಹಿಂದೆ ಯಾವತ್ತೂ ನೋಡಿಲ್ಲ. ತಾನು ವೆಂಕಟೇಶ್ ಅಂಕಲ್ ಎಂದು ಅವನು ಹೇಳಿಕೊಳ್ಳುತ್ತಾನೆ. ನಿಮ್ಮಮ್ಮನಿಗೆ ದೆವ್ವ ಹಿಡಿದಿದೆ, ಅದಕ್ಕೇ ಕೈ ಕಟ್ಟಿಹಾಕಿದ್ದೇನೆ, ಹೋಗಿ ಡಾಕ್ಟರನ್ನು ಕರ್ಕೊಂಡು ಬರುತ್ತೇನೆ ಅನ್ನುತ್ತಾನೆ. ಬ್ಯಾಗು ಹಿಡಿದು ಹೊರಟೇ ಬಿಡುತ್ತಾನೆ.

ಡಾಕ್ಟರು ಬರಲಿಲ್ಲ. ಒಳಗೆ ಅಮ್ಮ ಸತ್ತು ಬಿದ್ದಿದ್ದಳು. ಗಂಡನನ್ನು ಕಳೆದುಕೊಂಡು ಮಗನ ಜೊತೆ ಬದುಕುತ್ತಿದ್ದ ಹೆಂಗಸು ಅವಳು. ಅವಳ ಮೇಲೆ ಅತ್ಯಾಚಾರ ಮಾಡಿ, ಕೊಂದು, ಮನೆಯಲ್ಲಿದ್ದದ್ದನ್ನು ದೋಚಿಕೊಂಡು ಹೋದವನು ಬಿ.ಎ. ಉಮೇಶ್. ಕೋರ್ಟಿನ ಕಾಗದದಲ್ಲಿ ಅವನ ಹೆಸರು ಅಷ್ಟೇ. ಜನ ಕರೆಯುವುದು ಉಮೇಶ್ ರೆಡ್ಡಿ ಅಂತ.

ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತೀರ್ಪುಗಳಲ್ಲಿ ಅದು ಇದೆ, ಸಾಕು.

ಈ ಕೇಸಿನ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಜಾಸ್ತಿ ಬರೆದದ್ದು ಅವನ ವಿಕೃತಿಯ ಬಗ್ಗೆ, ಅವನು ಕದ್ದ ಹೆಂಗಸರ ಒಳಉಡುಪುಗಳ ಬಗ್ಗೆ. ನನ್ನನ್ನು ಕಾಡುವುದು ಬೇರೆ ವಿಷಯ. ಈ ಮನುಷ್ಯನನ್ನು ತಡೆಯಬೇಕಾದವರು, ಕಾಯಬೇಕಾದವರು, ಇಟ್ಟುಕೊಳ್ಳಬೇಕಾದವರು ಇದ್ದರು. ಅದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವರು. ಒಂದೊಂದು ಹಂತದಲ್ಲೂ ಅವರ ಕೈ ತಪ್ಪಿದೆ. ಕೊನೆಗೆ ನೇಣು ತಪ್ಪಿದ್ದೂ ಅದೇ ಕಾರಣಕ್ಕೆ.

ಎರಡು ಸಲ ಸಿಕ್ಕ ಖಾಕಿ

ಉಮೇಶ್ ಚಿತ್ರದುರ್ಗ ಜಿಲ್ಲೆಯ ಬಸಪ್ಪ ಮಾಳಿಗೆ ಊರಿನವನು. ಮೊದಲು ಸಿಆರ್‌ಪಿಎಫ್‌ನಲ್ಲಿ ಕಾನ್‌ಸ್ಟೆಬಲ್. ಜಮ್ಮು ಕಾಶ್ಮೀರದಲ್ಲಿ ಒಬ್ಬ ಅಧಿಕಾರಿಯ ಮನೆ ಕಾಯುವ ಕೆಲಸಕ್ಕೆ ಹಾಕಿದ್ದರು. ಅದೇ ಅಧಿಕಾರಿಯ ಮಗಳ ಮೇಲೆ ಕೈ ಮಾಡಲು ಹೋಗಿ, ಅಲ್ಲಿಂದ ಓಡಿ ಊರಿಗೆ ಬಂದ.

ಇಲ್ಲಿಗೇ ಕಥೆ ಮುಗಿಯಬೇಕಿತ್ತು. ಅರೆಸೇನಾ ಪಡೆಯಿಂದ ಹೀಗೆ ಓಡಿಬಂದವನ ಹಿನ್ನೆಲೆ ಹುಡುಕುವುದು ಕಷ್ಟದ ಕೆಲಸ ಅಲ್ಲ. ಒಂದು ಪತ್ರ ಬರೆದಿದ್ದರೆ ಗೊತ್ತಾಗುತ್ತಿತ್ತು. ಆದರೆ 1996ರಲ್ಲಿ ಅವನು ಚಿತ್ರದುರ್ಗದ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ, ನಾವು ಡಿಎಆರ್ ಅನ್ನುತ್ತೇವಲ್ಲ, ಅದಕ್ಕೆ ಸೇರಿಕೊಂಡ. ಮತ್ತೆ ಖಾಕಿ ಹಾಕಿಕೊಂಡ.

ಅದೇ ವರ್ಷದ ಕೊನೆಯಲ್ಲಿ ಚಿತ್ರದುರ್ಗದಲ್ಲಿ ಒಬ್ಬ ಹುಡುಗಿಯ ಮೇಲೆ ದಾಳಿಯಾಯಿತು. ಅವಳು ಕಲ್ಲಿನಿಂದ ಹೊಡೆದು ತಪ್ಪಿಸಿಕೊಂಡಳು. ಸ್ವಲ್ಪ ದಿನದಲ್ಲೇ ಇನ್ನೊಬ್ಬ ಹುಡುಗಿಯ ಕೊಲೆಯಾಯಿತು. ಆಮೇಲೆ ಬಂದದ್ದು ಗಣರಾಜ್ಯೋತ್ಸವ. ಪೆರೇಡಿನಲ್ಲಿ ಸಾಲಾಗಿ ನಿಂತ ಪೊಲೀಸರ ನಡುವೆ ಕಲ್ಲೆಸೆದ ಹುಡುಗಿ ಒಂದು ಮುಖವನ್ನು ನೋಡಿದಳು. ಅವನೇ ಎಂದು ಗುರುತಿಸಿದಳು.

ಇದನ್ನು ಓದಿದಾಗೆಲ್ಲ ನನ್ನ ಮೈ ಜುಂ ಅನ್ನುತ್ತದೆ. ಧ್ವಜಕ್ಕೆ ಸೆಲ್ಯೂಟ್ ಹೊಡೆಯುವ ಸಾಲಿನಲ್ಲಿ ಅವನು ನಿಂತಿದ್ದ. ಅವನನ್ನು ಹಿಡಿದುಕೊಟ್ಟದ್ದು ಇಲಾಖೆಯ ತನಿಖೆಯಲ್ಲ. ಶಾಲೆಗೆ ಹೋಗುವ ಒಬ್ಬ ಹುಡುಗಿಯ ನೆನಪು ಮತ್ತು ಧೈರ್ಯ.

ಅವನನ್ನು ಬಂಧಿಸಿದರು, ಕೆಲಸದಿಂದ ತೆಗೆದರು. 1997ರಲ್ಲಿ ಬಳ್ಳಾರಿ ಜೈಲಿಗೆ ಕರೆದೊಯ್ಯುವಾಗ ದಾರಿಯಲ್ಲಿ ತಪ್ಪಿಸಿಕೊಂಡ.

ನೀರು ಕೇಳಿ ಬರುವವನು

ಆಮೇಲಿನ ವರ್ಷಗಳ ಪಟ್ಟಿ ಉದ್ದ ಇದೆ. ಬೆಂಗಳೂರು, ಹುಬ್ಬಳ್ಳಿ, ಕುಣಿಗಲ್, ದೂರದ ಗುಜರಾತು. ಎಲ್ಲ ಕಡೆ ರೀತಿ ಹೆಚ್ಚೂಕಡಿಮೆ ಒಂದೇ. ಗಂಡಸರು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋಗಿರುವ ಹೊತ್ತು. ಹೆಂಗಸು ಒಬ್ಬಳೇ ಇರುವ ಮನೆ. ಕುಡಿಯಲು ನೀರು ಕೇಳುವುದು, ಇಲ್ಲ ಅಂದರೆ ವಿಳಾಸ ಕೇಳುವುದು. ಬಾಗಿಲು ತೆರೆದ ಕೂಡಲೇ ಚಾಕು.

ನಾನು ಬೆಂಗಳೂರಿನ ವಠಾರದ ಮನೆಯಲ್ಲಿ ಬೆಳೆದವನು. ಆ ಕಾಲದಲ್ಲಿ ನಮ್ಮಮ್ಮ ಮಧ್ಯಾಹ್ನ ಬಾಗಿಲಿಗೆ ಚಿಲಕ ಹಾಕಲು ಶುರುಮಾಡಿದ್ದು ನೆನಪಿದೆ. ಅದಕ್ಕೆ ಮೊದಲು ಬಾಗಿಲು ತೆರೆದೇ ಇರುತ್ತಿತ್ತು, ಒಂದು ಪರದೆ ಇಳಿಬಿಟ್ಟರೆ ಆಯಿತು. ಯಾರಾದರೂ ನೀರು ಕೇಳಿದರೆ ಕಿಟಕಿಯಿಂದ ಕೊಡು, ಬಾಗಿಲು ತೆಗೀಬೇಡ ಎಂದು ಪಕ್ಕದ ಮನೆಯ ಅಜ್ಜಿಗೂ ಹೇಳಿದ್ದಳು. ದಾರಿಹೋಕನಿಗೆ ನೀರು ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಆ ಒಂದು ರೂಢಿಯನ್ನೇ ಅವನು ಆಯುಧ ಮಾಡಿಕೊಂಡಿದ್ದ.

ಕೊಲೆಗಳು ಎಷ್ಟು ಅನ್ನುವ ಪ್ರಶ್ನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪೊಲೀಸರ ಮುಂದೆ 18 ಕೊಲೆ ಒಪ್ಪಿಕೊಂಡ ಎಂದು ಪತ್ರಿಕೆಗಳು ಬರೆದವು. ಆ ಸಂಖ್ಯೆ ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಆದರೆ ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಅದನ್ನು ನೇರವಾಗಿ ತಡೆಯುತ್ತಿತ್ತು. ಹೊಡೆದು ಒಪ್ಪಿಸುವ ಅಭ್ಯಾಸ ನಮ್ಮಲ್ಲಿ ಇದ್ದದ್ದಕ್ಕೇ ಆ ಕಲಮು ಬಂದದ್ದು. ಹಾಗಾಗಿ ಹಲವು ಕೇಸುಗಳಲ್ಲಿ ಅವನಿಗೆ ಶಿಕ್ಷೆಯಾಯಿತು, ಹಲವು ಕೇಸುಗಳಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾಯಿತು. ಬಿಡುಗಡೆಯಾದ ಕೇಸುಗಳಲ್ಲೂ ಹೆಣ್ಣುಮಕ್ಕಳು ಸತ್ತಿದ್ದಾರೆ. ಆ ಮನೆಗಳಿಗೆ ಯಾವ ಉತ್ತರವೂ ಸಿಕ್ಕಿಲ್ಲ.

ಪೀಣ್ಯದ ಕೇಸು ಮಾತ್ರ ಗಟ್ಟಿಯಾಗಿ ನಿಂತಿತು. ನಿಲ್ಲಿಸಿದ್ದು ಮೊದಲನೆಯದಾಗಿ ಆ ಹುಡುಗ. ಅಂಕಲ್ ಹೇಳಿದ ಹೆಸರು, ಹೇಳಿದ ಸುಳ್ಳು, ಅವನ ಮುಖ, ಎಲ್ಲವನ್ನೂ ಕೋರ್ಟಿನಲ್ಲಿ ಹೇಳಿದ. ಮಗುವಿಗೆ ಹೇಳಿಕೊಟ್ಟು ಕರೆತಂದಿದ್ದಾರೆ ಎಂಬ ವಾದ ಇಂಥ ಕೇಸಿನಲ್ಲಿ ಬಂದೇ ಬರುತ್ತದೆ. ಆದರೆ ಅವನು ಬ್ಯಾಗು ಹಿಡಿದು ಮನೆಯಿಂದ ಹೊರಹೋದದ್ದನ್ನು ಅಕ್ಕಪಕ್ಕದವರೂ ನೋಡಿದ್ದರು. ಉಕ್ಕಿನ ಬೀರುವಿನ ಹಿಡಿಯ ಮೇಲಿದ್ದ ಬೆರಳಚ್ಚು ಅವನದ್ದೇ ಎಂದು ತಜ್ಞರು ಹೇಳಿದರು. ಆ ಮನೆಯಿಂದ ಹೋದ ವಸ್ತುಗಳು ಅವನಿದ್ದ ಜಾಗದಲ್ಲಿ ಸಿಕ್ಕವು. ಕೊಲೆಯಾಗಿ ಎರಡೇ ದಿನಕ್ಕೆ ಇನ್ನೊಂದು ಮನೆಗೆ ನುಗ್ಗಿ ಜನರ ಕೈಗೇ ಸಿಕ್ಕಿಬಿದ್ದಿದ್ದ.

ಹಿಡಿದದ್ದು ಮತ್ತೆ ಜನರೇ ನೋಡಿ.

ಅಷ್ಟಾದ ಮೇಲೂ ಅವನು ಪೊಲೀಸರ ಕೈಯಿಂದ ಮತ್ತೆ ತಪ್ಪಿಸಿಕೊಂಡಿದ್ದ. ಕೊನೆಯ ಸಲ ಸಿಕ್ಕದ್ದು 2002ರ ಮೇ ತಿಂಗಳಲ್ಲಿ, ಯಶವಂತಪುರದ ಒಂದು ಕ್ಷೌರದಂಗಡಿಯಲ್ಲಿ. ಆಟೋ ಓಡಿಸುವವನೊಬ್ಬ ಮುಖ ಗುರುತು ಹಿಡಿದು ಪೊಲೀಸರಿಗೆ ತಿಳಿಸಿದ. ಚಿತ್ರದುರ್ಗದ ಹುಡುಗಿ, ಪೀಣ್ಯದ ಜನ, ಯಶವಂತಪುರದ ಆಟೋದವನು. ಹಿಡಿದುಕೊಟ್ಟವರು ಇವರು. ಬಿಟ್ಟುಕೊಟ್ಟವರು ಯಾರು ಎಂದು ನಾನು ಬೇರೆ ಹೇಳಬೇಕಿಲ್ಲ.

ಮರಣದಂಡನೆ, ಮತ್ತು ಇಬ್ಬರು ನ್ಯಾಯಮೂರ್ತಿಗಳ ಭಿನ್ನಮತ

2006ರ ಅಕ್ಟೋಬರ್ 26ರಂದು ಬೆಂಗಳೂರಿನ ತ್ವರಿತ ನ್ಯಾಯಾಲಯ ಅತ್ಯಾಚಾರ, ದರೋಡೆ, ಕೊಲೆ ಮೂರೂ ಸಾಬೀತಾಗಿದೆ ಎಂದಿತು. ಕೊಲೆಗೆ ಮರಣದಂಡನೆ ಕೊಟ್ಟಿತು. ಘಟನೆ ನಡೆದು ಎಂಟು ವರ್ಷ ದಾಟಿತ್ತು. ಆಟ ಮುಗಿಸಿ ಬಂದ ಹುಡುಗನಿಗೆ ಆಗ ಹದಿನೈದು ತುಂಬಿತ್ತು.

ಕೆಳಗಿನ ಕೋರ್ಟು ನೇಣು ಅಂದ ಕೂಡಲೇ ನೇಣು ಆಗುವುದಿಲ್ಲ. ಹೈಕೋರ್ಟು ಅದನ್ನು ಖಾಯಂ ಮಾಡಬೇಕು. 2007ರ ಅಕ್ಟೋಬರ್ 4ರಂದು ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಅಪರಾಧ ಅವನೇ ಮಾಡಿದ್ದಾನೆ ಎನ್ನುವುದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ. ಶಿಕ್ಷೆಯಲ್ಲಿ ಮಾತ್ರ ಬೇರೆಯಾದರು. ವಿ.ಜಿ. ಸಭಾಹಿತ್ ಅವರು ನೇಣು ಸರಿ ಎಂದರು. ಆರ್.ಬಿ. ನಾಯಕ್ ಅವರು ಜೀವಾವಧಿ ಸಾಕು ಎಂದರು. ಹೀಗಾದಾಗ ಕೇಸು ಮೂರನೆಯವರ ಮುಂದೆ ಹೋಗುತ್ತದೆ. 2009ರ ಫೆಬ್ರವರಿ 18ರಂದು ಎಸ್.ಆರ್. ಬನ್ನೂರಮಠ್ ಅವರು ನೇಣಿನ ಕಡೆಗೆ ನಿಂತರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದೇ ಸಾಕ್ಷ್ಯ, ಒಂದೇ ಕಡತ, ಇಬ್ಬರು ಅನುಭವಿ ನ್ಯಾಯಮೂರ್ತಿಗಳು. ಒಬ್ಬರಿಗೆ ಇವನು ಸಾಯಬೇಕು, ಒಬ್ಬರಿಗೆ ಬದುಕಬಹುದು. ಅಂಥ ಕೇಸಿನಲ್ಲೂ ಸಾವು ಬದುಕು ಒಬ್ಬರ ಮತದಿಂದ ತೀರ್ಮಾನ ಆಗುವುದನ್ನು ನಾನು ಇವತ್ತಿಗೂ ಸುಲಭವಾಗಿ ಒಪ್ಪಲಾರೆ. ಅವನ ಮೇಲೆ ನನಗೆ ಕನಿಕರ ಇಲ್ಲ. ಆದರೂ ಒಪ್ಪಲಾರೆ.

2011ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟ್ ನೇಣನ್ನು ಎತ್ತಿಹಿಡಿಯಿತು. ಇವನು ಸಮಾಜಕ್ಕೆ ಅಪಾಯ, ಸುಧಾರಿಸುವ ಲಕ್ಷಣ ಇಲ್ಲ, ಪಶ್ಚಾತ್ತಾಪವೂ ಇಲ್ಲ, ಕೊಂದ ಕೆಲವೇ ದಿನದಲ್ಲಿ ಇನ್ನೊಂದು ಮನೆಗೆ ಕನ್ನ ಹಾಕಲು ಹೋದವನು ಎನ್ನುವುದು ಕೋರ್ಟಿನ ಮಾತಿನ ಸಾರ. ಆಮೇಲೆ ಕ್ಷಮಾದಾನದ ಅರ್ಜಿ. 2013ರ ಮೇ 12ರಂದು ರಾಷ್ಟ್ರಪತಿ ಅದನ್ನು ತಿರಸ್ಕರಿಸಿದರು. ನಡುವೆ ಹಿಡಿದ ಸಮಯ ಎರಡು ವರ್ಷ ಮೂರು ತಿಂಗಳು.

ಇನ್ನೊಂದು ಬಾಗಿಲು ತೆರೆದದ್ದು 2014ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಮರಣದಂಡನೆಯ ಮರುಪರಿಶೀಲನಾ ಅರ್ಜಿಯನ್ನೂ ನ್ಯಾಯಮೂರ್ತಿಗಳು ತಮ್ಮ ಕೊಠಡಿಯಲ್ಲೇ ಓದಿ ತೀರ್ಮಾನಿಸುತ್ತಿದ್ದರು. ವಕೀಲರ ವಾದ ಕೇಳುತ್ತಿರಲಿಲ್ಲ. ನೇಣಿನ ಕೇಸಿನಲ್ಲಿ ಅದು ಸಾಲದು, ತೆರೆದ ಕೋರ್ಟಿನಲ್ಲಿ ಕೇಳಬೇಕು ಎಂದು ಮೊಹಮ್ಮದ್ ಆರಿಫ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು. ಆ ಗುಂಪಿನ ಅರ್ಜಿಗಳಲ್ಲಿ ಉಮೇಶ್‌ನದ್ದೂ ಒಂದಿತ್ತು. ಹಾಗಾಗಿ ಅವನ ಅರ್ಜಿಯನ್ನು ಮತ್ತೆ ಕೇಳಿದರು. 2016ರ ಅಕ್ಟೋಬರ್ 3ರಂದು ಅದೂ ವಜಾ ಆಯಿತು.

ಇನ್ನು ಏನೂ ಉಳಿದಿಲ್ಲ ಅಂತ ಎಲ್ಲರೂ ಅಂದುಕೊಂಡರು. ಆದರೆ ಅವನು ಹತ್ತು ವರ್ಷ ಎಲ್ಲಿದ್ದ, ಹೇಗಿದ್ದ ಅನ್ನುವುದನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ.

ಹಿಂಡಲಗಾದ ಒಂಟಿ ಸೆಲ್

2006ರಲ್ಲಿ ಕೆಳಗಿನ ಕೋರ್ಟಿನ ತೀರ್ಪು ಬಂದ ಕೆಲವೇ ದಿನಕ್ಕೆ ಅವನನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳಿಸಿದರು. ನಮ್ಮ ರಾಜ್ಯದಲ್ಲಿ ನೇಣುಗಂಬ ಇರುವ ಜೈಲು ಅದು. ಅಲ್ಲಿ ಅವನನ್ನು ಬೇರೆ ಕೈದಿಗಳಿಂದ ದೂರ ಇಟ್ಟು ಒಂಟಿ ಸೆಲ್ಲಿಗೆ ಹಾಕಿದರು. ಹಾಗೇ ಹತ್ತು ವರ್ಷ ಕಳೆಯಿತು.

ನೇಣಿನ ಕೈದಿ ತಾನೇ, ಹಾಗೇ ಇಡಬೇಕಲ್ವಾ ಎಂದು ಅನಿಸಬಹುದು. ನನಗೂ ಅನಿಸಿತ್ತು. ಕಾನೂನು ತೆಗೆದು ನೋಡಿದರೆ ಹಾಗಿಲ್ಲ. ಒಂಟಿ ಸೆರೆ ಅನ್ನುವುದು ಸ್ವತಃ ಒಂದು ಶಿಕ್ಷೆ. ಅದನ್ನು ಕೊಡುವ ಅಧಿಕಾರ ಇರುವುದು ಕೋರ್ಟಿಗೆ ಮಾತ್ರ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 73ನೇ ಕಲಮಿನ ಪ್ರಕಾರ ಕೋರ್ಟು ಕೂಡ ಒಟ್ಟು ಮೂರು ತಿಂಗಳು ಮೀರಿ ಒಂಟಿ ಸೆರೆ ಕೊಡುವ ಹಾಗಿಲ್ಲ. 74ನೇ ಕಲಮಿನ ಪ್ರಕಾರ ಒಂದು ಸಲಕ್ಕೆ 14 ದಿನ ಮೀರಬಾರದು, ನಡುವೆ ಅಷ್ಟೇ ಬಿಡುವು ಕೊಡಬೇಕು. ಬ್ರಿಟಿಷರು ಬರೆದ ಕಾನೂನೇ ಮನುಷ್ಯ ಒಬ್ಬನೇ ಕೂತು ಎಷ್ಟು ದಿನ ತಡೆದಾನು ಎಂದು ಲೆಕ್ಕ ಹಾಕಿತ್ತು. ಉತ್ತರ ಹದಿನಾಲ್ಕು ದಿನ.

ಹತ್ತು ವರ್ಷ ಅಂದರೆ ಮೂರು ಸಾವಿರದ ಆರುನೂರು ದಿನಕ್ಕೂ ಜಾಸ್ತಿ.

ಜೈಲಿನವರು ನೆಚ್ಚಿಕೊಳ್ಳುವುದು 1894ರ ಕಾರಾಗೃಹ ಕಾಯ್ದೆಯ 30ನೇ ಕಲಮನ್ನು. ಮರಣದಂಡನೆಗೆ ಒಳಗಾದ ಕೈದಿಯನ್ನು ಬೇರೆಯವರಿಂದ ಪ್ರತ್ಯೇಕವಾಗಿ ಸೆಲ್ಲಿನಲ್ಲಿಟ್ಟು ಹಗಲೂ ರಾತ್ರಿ ಕಾವಲು ಹಾಕಬೇಕು ಎಂದು ಅದು ಹೇಳುತ್ತದೆ. ಆದರೆ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೊಂದಲವನ್ನು 1978ರಲ್ಲೇ ಬಿಡಿಸಿತ್ತು. ಮರಣದಂಡನೆಗೆ ಒಳಗಾದವನು ಅಂದರೆ ಅಪೀಲು, ಕ್ಷಮಾದಾನ ಎಲ್ಲ ಮುಗಿದು ಇನ್ನು ನೇಣು ಬಿಟ್ಟರೆ ಬೇರೇನೂ ಉಳಿಯದವನು. ಅಲ್ಲಿಯವರೆಗೆ ಅವನು ಬೇರೆ ಕೈದಿಗಳ ಹಾಗೇ. ಎಲ್ಲ ಮುಗಿದ ಮೇಲೂ ಈ ಕಲಮು ಒಂಟಿ ಸೆರೆಗೆ ಪರವಾನಗಿ ಕೊಡುವುದಿಲ್ಲ.

ಈ ಲೆಕ್ಕದಲ್ಲಿ ಉಮೇಶ್‌ನ ವರ್ಷಗಳನ್ನು ಇಟ್ಟು ನೋಡಿ. 2006ರಿಂದ 2013ರ ಮೇ ತನಕ ಅವನ ಅಪೀಲು, ಕ್ಷಮಾದಾನದ ಅರ್ಜಿ ನಡೆಯುತ್ತಲೇ ಇದ್ದವು. ಆ ಆರೂವರೆ ವರ್ಷ ಅವನನ್ನು ಒಂಟಿ ಸೆಲ್ಲಿನಲ್ಲಿ ಇಡಲು ಯಾವ ಕಾನೂನಿನ ಬೆಂಬಲವೂ ಇರಲಿಲ್ಲ. ಬಾತ್ರಾ ತೀರ್ಪು ಬಂದು 28 ವರ್ಷವಾದ ಮೇಲೂ ನಮ್ಮ ಒಂದು ಜೈಲಿನಲ್ಲಿ ಅದು ಜಾರಿಯಾಗಿರಲಿಲ್ಲ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 15 ಜನರ ನೇಣನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನದ ತೀರ್ಮಾನ ವಿಪರೀತ ತಡವಾದದ್ದು ಮುಖ್ಯ ಕಾರಣ. ಒಂಟಿ ಸೆರೆ ತಪ್ಪು ಎಂಬ ಮಾತನ್ನೂ ಅಲ್ಲಿ ಮತ್ತೆ ಹೇಳಿತು. ಆ 15 ಜನರಲ್ಲಿ ನಾಲ್ವರು ವೀರಪ್ಪನ್‌ನ ಸಹಚರರು, ಪಾಲಾರ್ ಸ್ಫೋಟದ ಕೇಸಿನವರು. ಅವರು ಇದ್ದದ್ದು ಇದೇ ಹಿಂಡಲಗಾದಲ್ಲಿ. ಅಂದರೆ ತೀರ್ಪಿನ ಪ್ರತಿ ಆ ಜೈಲಿನ ಕಚೇರಿಗೇ ಬಂದಿರಬೇಕು. ಅದೇ ಆವರಣದಲ್ಲಿ ಉಮೇಶ್ ಇನ್ನೂ ಒಂಟಿಯಾಗಿಯೇ ಇದ್ದ.

2016ರಲ್ಲಿ ಅವನು ಕರ್ನಾಟಕ ಹೈಕೋರ್ಟಿಗೆ ಹೋದ. ಕ್ಷಮಾದಾನದ ತೀರ್ಮಾನ ತಡವಾಗಿದೆ, ಒಂಟಿ ಸೆರೆ ಕಾನೂನುಬಾಹಿರ ಎನ್ನುವುದು ವಾದ. 2021ರ ಸೆಪ್ಟೆಂಬರ್ 29ರಂದು ಹೈಕೋರ್ಟು ಅರ್ಜಿ ವಜಾ ಮಾಡಿತು. ಕೇಸು ಮತ್ತೆ ದೆಹಲಿಗೆ ಹೋಯಿತು.

2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠ ತೀರ್ಪು ಕೊಟ್ಟಿತು. ಕ್ಷಮಾದಾನಕ್ಕೆ ಹಿಡಿದ ಎರಡು ವರ್ಷ ಮೂರು ತಿಂಗಳು ವಿಪರೀತ ವಿಳಂಬ ಅಲ್ಲ ಎಂದಿತು. ಒಂಟಿ ಸೆರೆಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು. ಕಾನೂನಿನ ಬೆಂಬಲ ಇಲ್ಲದೆ ಇಟ್ಟಿದ್ದೀರಿ, ಅವನ ಆರೋಗ್ಯದ ಮೇಲೆ ಅದರ ಪೆಟ್ಟು ಕಾಣುತ್ತಿದೆ ಎಂದಿತು. ನೇಣು ಜೀವಾವಧಿಯಾಯಿತು. ಕನಿಷ್ಠ 30 ವರ್ಷ ಪೂರ್ತಿ ಒಳಗೇ ಕಳೆಯಬೇಕು. ಬಿಡುಗಡೆಯ ಅರ್ಜಿ ಅದಾದ ಮೇಲೆಯೇ. ಅರ್ಜಿ ತಿರಸ್ಕಾರವಾದರೆ ಸಾಯುವ ತನಕ ಜೈಲು.

ಸುದ್ದಿ ಬಂದ ದಿನ ನನಗೆ ಸಿಟ್ಟು ಬಂದಿತ್ತು. ದೆವ್ವ ಹಿಡಿದಿದೆ ಎಂದು ಮಗುವಿಗೆ ಹೇಳಿ ಹೋದವನ ಆರೋಗ್ಯದ ಚಿಂತೆ ಯಾರಿಗೆ ಬೇಕು ಅನಿಸಿತ್ತು. ಅನೇಕರಿಗೆ ಇವತ್ತಿಗೂ ಹಾಗೇ ಅನಿಸುತ್ತದೆ, ಅವರನ್ನು ನಾನು ತಪ್ಪು ಅನ್ನಲಾರೆ. ಆದರೆ ತೀರ್ಪು ಪೂರ್ತಿ ಓದಿದ ಮೇಲೆ ಸಿಟ್ಟಿನ ದಿಕ್ಕು ಬದಲಾಯಿತು. ಕೋರ್ಟು ಅವನಿಗೆ ಒಂದು ಶಿಕ್ಷೆ ಕೊಟ್ಟಿತ್ತು. ಜೈಲು ಅದರ ಮೇಲೆ ಇನ್ನೊಂದನ್ನು ತಾನೇ ಸೇರಿಸಿತು. ಯಾರನ್ನೂ ಕೇಳಲಿಲ್ಲ, ಕಾಗದದಲ್ಲಿ ಆದೇಶ ಇರಲಿಲ್ಲ. ಹೀಗೆ ಸೇರಿಸುವ ಅಧಿಕಾರ ಜೈಲಿಗೆ ಇದೆ ಎಂದು ಒಪ್ಪಿದರೆ, ನಾಳೆ ವಿಚಾರಣೆಗೆ ಕಾಯುತ್ತಾ ಕೂತ ಅಮಾಯಕನ ಮೇಲೂ ಅದು ನಡೆಯುತ್ತದೆ. ನಮ್ಮ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣೆ ಮುಗಿಯದವರೇ.

ಆ ಹುಡುಗನ ಸಾಕ್ಷ್ಯ, ನೆರೆಯವರ ಸಾಕ್ಷ್ಯ, ಬೆರಳಚ್ಚು, ಇಷ್ಟೆಲ್ಲ ಸೇರಿ ಕಟ್ಟಿದ ಶಿಕ್ಷೆ. ಅದನ್ನು ಕೆಡಿಸಿದ್ದು ವಕೀಲರ ಚಾಲಾಕಿ ಅಲ್ಲ, ಕೋರ್ಟಿನ ಮೆದು ಮನಸ್ಸೂ ಅಲ್ಲ. ಒಂದು ಬೀಗದ ಕೈ ಯಾರ ಹತ್ತಿರ ಇತ್ತೋ ಅವರು ಕಾನೂನು ಪುಸ್ತಕ ತೆಗೆದು ನೋಡಲಿಲ್ಲ.

ನಂತರದ ಒಂದು ವಿಡಿಯೋ

ಕೇಸು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2025ರ ನವೆಂಬರಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಒಳಗಿನ ವಿಡಿಯೋಗಳು ಹೊರಬಂದವು. ಅದರಲ್ಲಿ ಉಮೇಶ್ ಇದ್ದ. ಬ್ಯಾರಕ್ಕಿನಲ್ಲಿ ಟಿವಿ, ಅವನ ಕೈಯಲ್ಲಿ ಮೊಬೈಲು. ಆರಾಮಾಗಿ ಫೋನು ಬಳಸುತ್ತಿದ್ದ. ರಾಜ್ಯದಲ್ಲಿ ಗಲಾಟೆಯಾಯಿತು. ಗೃಹ ಸಚಿವರು ವರದಿ ಕೇಳಿದರು, ಜೈಲಿನ ಅಧಿಕಾರಿಗಳ ಅಮಾನತು, ವರ್ಗಾವಣೆ ನಡೆದವು.

ಮೊದಲು ಕಾನೂನು ಬಿಡದಿದ್ದರೂ ಹತ್ತು ವರ್ಷ ಒಂಟಿ ಸೆಲ್ಲು. ಈಗ ಕಾನೂನು ಬಿಡದಿದ್ದರೂ ಮೊಬೈಲು. ಎರಡೂ ನಡೆದದ್ದು ಒಂದೇ ಇಲಾಖೆಯ ಜೈಲುಗಳಲ್ಲಿ, ಒಬ್ಬನೇ ಕೈದಿಯ ವಿಷಯದಲ್ಲಿ.

ಆ ವಿಡಿಯೋ ಎರಡು ದಿನ ಎಲ್ಲರ ವಾಟ್ಸಾಪ್‌ನಲ್ಲೂ ಓಡಾಡಿತು. ನನಗೆ ನಾಲ್ಕು ಕಡೆಯಿಂದ ಬಂತು. ಪೀಣ್ಯದ ಆ ಹುಡುಗನಿಗೆ ಈಗ ಮೂವತ್ತೈದರ ಆಸುಪಾಸು ಆಗಿರುತ್ತದೆ. ಅವನ ಫೋನಿಗೂ ಬಂದಿರಬಹುದು.